ಜರ್ಮನ್ ದೋಣಿಯ ರಿಪೇರಿ

ಮೊನ್ನೆ ಚಾಳೀಸು ಹುಡುಕುತ್ತ ಅದರ ಡಬ್ಬಿ ತೆರೆದರೆ ಒಳಗೆ ಚಾಳೀಸು ಇರಲಿಲ್ಲ, ಒಂದು ರಿವೀಟು ಇತ್ತು. ಅಲ್ಯುಮಿನಿಯಮ್ಮಿನ ಸಣ್ಣ ರಿವೀಟು, ತಲೆ ದುಂಡಗೆ, ಕಾಲು ಸಪೂರ. ಚಾಳೀಸು ನನ್ನ ಹಣೆಯ ಮೇಲೆಯೇ ಇತ್ತು, ಆ ಮಾತು ಬಿಡಿ. ರಿವೀಟನ್ನು ಎಸೆಯಲೆಂದು ಕಿಟಕಿಯವರೆಗೆ ಹೋದವನು ಎಸೆಯದೆ ವಾಪಸು ಬಂದೆ. ನಾಗರ ಪಂಚಮಿ ಮುಗಿದು ಎರಡು ತಿಂಗಳಾದರೂ ನಮ್ಮ ಮನೆಯಲ್ಲಿ ಇವು ಎಲ್ಲೆಲ್ಲೋ ಸಿಗುತ್ತವೆ. ಹೋದ ವಾರ ಶೇಂಗಾ ಹುರಿಯುವಾಗ ಬಾಣಲೆ ಟಣ್ ಎಂದಿತು. ನನ್ನ ಹೆಂಡತಿ ಅದನ್ನು ಸೌಟಿನಿಂದ ಎತ್ತಿ, ನನ್ನ ತಾಟಿನ ಅಂಚಿಗೆ ಇಟ್ಟು ಒಳಗೆ ಹೋದಳು.

ನಾನು ಮನೆಯಲ್ಲಿ ದೋಣಿ ರಿಪೇರಿ ಮಾಡಿದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಓಣಿಯಲ್ಲಿ ಈಗ ನನ್ನ ಗುರುತೇ ಅದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ, ಗೋಕಾಕದ ಅರ್ಧ ಅಂಗಡಿಕಾರರ ಕಿವಿ ಹಿಂಡಿದ್ದೇನೆ. ಅದೆಲ್ಲ ಹೊಳೆಗೆ ಹೋಯಿತು. ಈಗ ಯಾರಾದರೂ ನನ್ನ ವಿಳಾಸ ಕೇಳಿದರೆ ‘ದೋಣಿ ಮಾಸ್ತರ್ರ ಮನಿ ಏನ್ರಿ’ ಎಂದು ತಿರುಗಿ ಕೇಳುತ್ತಾರೆ. ಘಟಪ್ರಭೆಯಲ್ಲಿ ಎಮ್ಮೆ ಮುಳುಗುವಷ್ಟೂ ನೀರಿಲ್ಲದ ಬಿರುಬೇಸಿಗೆಯಲ್ಲಿ, ಹಿತ್ತಲಲ್ಲಿದ್ದ ದೋಣಿಯನ್ನು ಮುಂದಿನ ಅಂಗಳಕ್ಕೆ ಎಳೆದು ತಂದು ನಾಲ್ಕು ಕಲ್ಲಿನ ಮೇಲೆ ಕೂರಿಸಿದೆ. ಎದುರು ಮನೆಯ ಬಸಪ್ಪ, ಹಿಟ್ಟಿನ ಗಿರಣಿಯವನು, ಓಡುತ್ತಿದ್ದ ಗಿರಣಿ ಬಂದ್ ಮಾಡಿ ಮೈತುಂಬ ಹಿಟ್ಟಿನಲ್ಲಿಯೇ ಬಂದು ನಿಂತ.

“ಯಾಕ್ರಿ ಮಾಸ್ತರ್ರ, ಈ ವರ್ಷಾನೂ ಹೊಳಿ ಬರತೈತೇನ್ರಿ? ನಿಮಗೇನರ ಸುದ್ದಿ ಐತೇನು?”

“ಇಲ್ಲೋ ಮಾರಾಯಾ. ಸುಮ್ಮ ರಿಪೇರಿ ಮಾಡಾಕತ್ತೇನಿ.”

“ಸುಮ್ಮ ಯಾರರ ದೋಣಿ ರಿಪೇರಿ ಮಾಡ್ತಾರೇನ್ರಿ? ಖರೆ ಹೇಳ್ರಿ, ಜ್ವಾಳದ ಚೀಲ ಮ್ಯಾಲ ಏರಸ್ತೇನಿ.”

ಸಂಜೆಯೊಳಗೆ ಓಣಿಯ ನಾಲ್ಕು ಮನೆಯವರು ಚೀಲಗಳನ್ನು ಅಟ್ಟಕ್ಕೆ ಏರಿಸಿದ್ದರು. ಮೂಲೆಮನೆಯ ಮುದುಕಿಯೊಬ್ಬಳು ಬಂದು, ತನ್ನ ಮಂಡಿ ಮಡಚಲು ಬರುವುದಿಲ್ಲವಾದ್ದರಿಂದ ಕಾಲು ಚಾಚಿ ಕೂಡುವಂಥ ಜಾಗ ತನಗೆ ಇಡಬೇಕೆಂದು ಹೇಳಿ ಹೋದಳು. ನಗಬೇಡಿ. ಈ ಊರಿನವರು ಹೊಳೆಯನ್ನು ಮನೆಯೊಳಗೆ ಕಂಡವರು.

ಕೆಲವು ವರ್ಷದ ಹಿಂದೆ ಹೊಳೆ ಊರೊಳಗೆ ಬಂದಾಗ ನಮ್ಮ ಓಣಿಯಲ್ಲಿ ಎದೆಮಟ್ಟ ನೀರು. ಹಿತ್ತಲಲ್ಲಿ ನನ್ನದೇ ದೋಣಿ ಬೋರಲು ಬಿದ್ದಿತ್ತು, ಜರಡಿಯಂತೆ ತೂತಾಗಿ. ನಾವಿಬ್ಬರೂ ಯಾರದೋ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಹತ್ತಿ ಪಾರಾದೆವು. ಮನೆಯಲ್ಲಿ ದೋಣಿ ಇಟ್ಟುಕೊಂಡು ಟ್ರ್ಯಾಕ್ಟರ್ ಹತ್ತಿ ಹೊಳೆ ದಾಟಿದವನು ಗೋಕಾಕದಲ್ಲಿ ನಾನೊಬ್ಬನೇ ಇರಬೇಕು. ನೀರು ಇಳಿದ ಮೇಲೆ ನೋಡಿದರೆ ದೋಣಿ ಪೇರಲ ಗಿಡಕ್ಕೆ ಸಿಕ್ಕಿಹಾಕಿಕೊಂಡು ಅಲ್ಲೇ ಇತ್ತು. ಒಳಗೆ ಕೆಸರು, ಕೆಸರಿನಲ್ಲಿ ಯಾರದೋ ಮನೆಯ ಚಪ್ಪಲಿ.

ಆ ದೋಣಿಗೆ ಅಷ್ಟು ವರ್ಷ ನಿಜವಾದ ಒಡತಿ ನನ್ನ ಹೆಂಡತಿ. ಅವಳು ಮೂಡಲಗಿ ಕಡೆಯ ಕುಲಗೋಡದವಳು, ಕಬ್ಬು ಜೋಳದ ಸೀಮೆಯವಳು, ದೋಣಿ ಎಂದರೆ ನೀರಿನ ಮೇಲೆ ಹೋಗುವ ವಸ್ತು ಎಂಬುದು ಅವಳಿಗೆ ಬರೀ ಕೇಳಿ ಗೊತ್ತು. ಬೋರಲು ಬಿದ್ದ ಅದರ ಹೊಟ್ಟೆ ಬಿಸಿಲಿಗೆ ಹಂಚಿನಂತೆ ಕಾಯುತ್ತಿತ್ತು. ಅದರ ಮೇಲೆ ಸಂಡಿಗೆ ಒಂದೇ ಹಗಲಿಗೆ ಒಣಗುತ್ತಿತ್ತು, ಮೆಣಸಿನಕಾಯಿ ಎರಡು ದಿನಕ್ಕೆ. ನಾನು ಅದನ್ನು ಮಗುಚಿದ ದಿನ ಅವಳು ಸಂಡಿಗೆಯ ಹಿಟ್ಟು ಕಲಸಿ ತಂದವಳು ಹಾಗೆಯೇ ನಿಂತಳು.

“ಅಲ್ರಿ, ಇಷ್ಟ ದಿನಾ ಅದರ ಪಾಡಿಗೆ ಅದು ಉಪಯೋಗಕ್ಕ ಬೀಳತಿತ್ತು. ಈಗ್ಯಾಕ ಅದನ್ನ ಕೆಡಸ್ತೀರಿ?”

ಯಾಕೆಂದು ನಾನು ಆಗ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು. ನಿಮಗೆ ಹೇಳುತ್ತೇನೆ.

ನಮ್ಮೂರು ಹುಕ್ಕೇರಿ ಕಡೆ, ಡ್ಯಾಮಿನ ಹಿನ್ನೀರಿನ ದಂಡೆಯಲ್ಲಿದೆ. ನಾವು ಕುರುಬರು, ನಮ್ಮಪ್ಪನಿಗೆ ಸ್ವಲ್ಪ ಹೊಲ, ಹೆಚ್ಚು ಕುರಿ. ಮಕ್ಕಳೆಂದರೆ ಅಕ್ಕ ನೀಲವ್ವ ಮತ್ತು ನಾನು, ಇಬ್ಬರೇ. ಮಗಳು ಕಣ್ಣಳತೆಯಲ್ಲಿರಲಿ ಎಂದು ಅಪ್ಪ ಅವಳನ್ನು ಪಕ್ಕದೂರಿಗೆ ಕೊಟ್ಟ. ಆಗ ನಡುವೆ ನೀರಿರಲಿಲ್ಲ. ಹೊಲದ ಬದು ಹಿಡಿದು, ಒಂದು ಹಳ್ಳ ದಾಟಿ ಹೋದರೆ ಅರ್ಧ ತಾಸಿನ ದಾರಿ. ಅಕ್ಕ ಮನೆಯ ಮೇಲೆ ಹತ್ತಿ ನಿಂತರೆ ನಮ್ಮವ್ವ ಒಲೆ ಹಚ್ಚಿದ ಹೊಗೆ ಕಾಣುತ್ತಿತ್ತಂತೆ. ಮದುವೆಯಾಗಿ ಮೂರು ನಾಲ್ಕು ವರ್ಷಕ್ಕೆ ಡ್ಯಾಮು ತುಂಬಿ, ಆ ಬದು, ಆ ಹಳ್ಳ, ನಮ್ಮ ಒಳ್ಳೆಯ ಹೊಲ ಎಲ್ಲ ನೀರಿನಡಿ ಹೋಯಿತು. ಕಣ್ಣಿಗೆ ಕಾಣುವ ಊರಿಗೆ ಎರಡು ಬಸ್ಸು ಬದಲಿಸಿ, ಹುಕ್ಕೇರಿಯಲ್ಲಿ ಕಾದು, ಅರ್ಧ ದಿನ ಸುತ್ತಿ ಹೋಗಬೇಕಾಯಿತು.

ಅಪ್ಪ ಒಂದು ವರ್ಷ ಸುಮ್ಮನಿದ್ದ. ಮರುವರ್ಷ, ಡ್ಯಾಮಿನ ಕೆಲಸ ಮುಗಿಸಿ ಗಂಟು ಕಟ್ಟುತ್ತಿದ್ದ ಒಬ್ಬ ಗುತ್ತಿಗೆದಾರನಿಗೆ ಎರಡು ಟಗರು ಕೊಟ್ಟು ಅವನ ದೋಣಿ ಹೊಡೆದುಕೊಂಡು ಬಂದ. ಅಲ್ಯುಮಿನಿಯಮ್ಮಿನ ದೋಣಿ. ನಮ್ಮ ಕಡೆ ಅಲ್ಯುಮಿನಿಯಮ್ಮಿಗೆ ಜರ್ಮನ್ ಅನ್ನುತ್ತಾರೆ. ಜರ್ಮನ್ ಬೋಗಾಣಿ, ಜರ್ಮನ್ ಡಬ್ಬಿ ಮನೆಮನೆಯಲ್ಲಿ ಇರುತ್ತವೆ. ಜರ್ಮನ್ ದೋಣಿಯನ್ನು ಮಾತ್ರ ಯಾರೂ ಕಂಡಿರಲಿಲ್ಲ. ನಮ್ಮವ್ವ ಅದನ್ನು ಬೆರಳಿನಿಂದ ಬಡಿದು ನೋಡಿ, “ಬೋಗಾಣ್ಯಾಗ ಕುಂತು ನೀರು ದಾಟೂದೇನು? ಯಾರರ ಮುಚ್ಚಳ ಹಾಕಿದ್ರ?” ಎಂದಳು.

ಬೇಸಿಗೆಯಲ್ಲಿ ನೀರು ಸರಿದಾಗ ನಡುಗಡ್ಡೆಯಲ್ಲಿ ಎಳೆಹುಲ್ಲು ಏಳುತ್ತಿತ್ತು. ಈಜಲು ಬಾರದ ಎಳೆಮರಿಗಳನ್ನು ಅಪ್ಪ ಆ ದೋಣಿಯಲ್ಲಿ ಅಲ್ಲಿಗೆ ದಾಟಿಸುತ್ತಿದ್ದ. ಆದರೆ ಅದನ್ನು ತಂದದ್ದು ಮರಿಗಳಿಗಾಗಿ ಅಲ್ಲ. ನಮ್ಮ ಸೀಮೆಯಲ್ಲಿ ಪಂಚಮಿಗೆ ಹೆಣ್ಣುಮಗಳು ತವರಿಗೆ ಬರಲೇಬೇಕು, ತಾನಾಗಿ ಬರಬಾರದು, ಅಪ್ಪನೋ ಅಣ್ಣತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ಕರೆಯಲು ಯಾರೂ ಹೋಗದ ಹೆಣ್ಣುಮಗಳು ಆ ದಿನ ಓಣಿಯಲ್ಲಿ ಮುಖ ತೋರಿಸುವುದಿಲ್ಲ. ಪಂಚಮಿಯ ಹಿಂದಿನ ದಿನ ನಸುಕಿನಲ್ಲಿ ಅಪ್ಪ ಹುಟ್ಟು ಹಾಕುತ್ತಿದ್ದ, ನಾನು ತಂಬಿಗೆ ಹಿಡಿದು ಒಳಗೆ ಬಂದ ನೀರು ಹೊರಗೆ ಚೆಲ್ಲುತ್ತಿದ್ದೆ. ಅಕ್ಕ ಆ ದಂಡೆಯಲ್ಲಿ ಹೊಸ ಇಳಕಲ್ ಸೀರೆ ಉಟ್ಟು ಕಾದಿರುತ್ತಿದ್ದಳು. ನಮ್ಮ ಮನೆ ಮುಟ್ಟುವಷ್ಟರಲ್ಲಿ ಆ ಸೀರೆ ಕುರಿಹಿಕ್ಕೆಯ ವಾಸನೆ ಹೊಡೆಯುತ್ತಿತ್ತು. ಅವಳು ಅದನ್ನೇ ಮೂಸಿ ನೋಡಿ, “ಈಗ ತವರಿಗೆ ಬಂದಂಗಾತು” ಅನ್ನುತ್ತಿದ್ದಳು. ಆಮೇಲೆ ಅಳ್ಳು, ತಂಬಿಟ್ಟು, ಐದು ನಮೂನೆಯ ಉಂಡಿ, ಬೇವಿನ ಮರಕ್ಕೆ ಜೋಕಾಲಿ. ನಾಗಪ್ಪನಿಗೆ ಹಾಲೆರೆಯುವಾಗ ಮನೆಯಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಎರೆಯುತ್ತಾರಲ್ಲ, ಅಪ್ಪನ ಪಾಲು, ಅವ್ವನ ಪಾಲು ಎಂದು? ಅಕ್ಕ ಯಾವಾಗಲೂ ‘ತಮ್ಮನ ಪಾಲು’ ಎಂದು ಮೊದಲು ನನ್ನದು ಎರೆಯುತ್ತಿದ್ದಳು. ಅವ್ವ ಬೈಯುತ್ತಿದ್ದಳು, ಹಿರಿಯರದು ಮೊದಲಾಗಬೇಕೆಂದು.

ಅವ್ವ ಮೊದಲು ಹೋದಳು, ಆಮೇಲೆ ಅಪ್ಪ. ಉಳಿದ ಹೊಲವನ್ನು ನನ್ನ ಹೆಸರಿಗೆ ಮಾಡಿಸುವ ಸಮಯ ಬಂತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಾಸ್ತರರೊಬ್ಬರು, ಒಳ್ಳೆಯವರೇ, ಕಿವಿಯಲ್ಲಿ ಹೇಳಿದರು, “ಈಗ ಹೆಣ್ಣಮಕ್ಕಳಿಗೂ ಸರಿಪಾಲು ಐತ್ರಿ. ಪ್ರೀತಿ ಇದ್ದಾಗ ಸಹಿ ಮಾಡಿಸ್ಕೊಂಡಬಿಡ್ರಿ. ನಾಳೆ ಅವರ ಮಕ್ಕಳು ಬೆಳದ್ರ ತ್ರಾಸ.” ಆ ಮಾತು ನನಗೆ ಶಹಾಣತನವಾಗಿ ಕಂಡಿತು. ಪ್ರೀತಿ ಇದ್ದಾಗಲೇ ಎಂಬುದನ್ನು ನಾನು ಅಕ್ಷರಶಃ ಪಾಲಿಸಿದೆ. ಆ ವರ್ಷ ಪಂಚಮಿಗೆ ನಾನೇ ದೋಣಿ ತೆಗೆದುಕೊಂಡು ಹೋಗಿ ಅಕ್ಕನನ್ನು ಕರೆತಂದೆ. ಅವಳು ಹಾಲೆರೆದಳು, ನನ್ನ ಪಾಲನ್ನು ಮೊದಲು. ಜೋಕಾಲಿಯನ್ನೂ ಆಡಿದಳು, ಐವತ್ತು ದಾಟಿದ ಹೆಂಗಸು. ಹಬ್ಬ ಮುಗಿದ ಮರುದಿನ, “ಹುಕ್ಕೇರಿಗೆ ಹೋಗಿ ಬರೂಣು ಬಾ ಅಕ್ಕಾ, ನಿನಗೊಂದು ಸೀರೆ ತಗೋಬೇಕು” ಎಂದು ಹೊರಡಿಸಿದೆ. ಸೀರೆ ಅಂಗಡಿಗೆ ಹೋಗಲಿಲ್ಲ ಎನ್ನುವಂತಿಲ್ಲ. ಹೋದೆವು, ನೋಂದಣಿ ಕಚೇರಿಯಿಂದ ಹೊರಬಿದ್ದ ಮೇಲೆ.

ಕಚೇರಿಯಲ್ಲಿ ಸಾಹೇಬರು ಕೇಳಿದರು, “ಯಾರ ಒತ್ತಾಯಾನೂ ಇಲ್ಲದ, ಖುಷಿಲಿಂದ ಹಕ್ಕು ಬಿಟ್ಟುಕೊಡಾಕತ್ತೀರೇನವಾ?” ಅಕ್ಕ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ. “ಹೂಂನ್ರಿ” ಎಂದಳು. ನಾಲ್ಕನೆಯ ಇಯತ್ತೆ ಕಲಿತವಳು, ಒಂದೊಂದೇ ಅಕ್ಷರ ಬರೆದು ಸಹಿ ಮಾಡಿದಳು. ನಾನು ಕೊಡಿಸಿದ ಸೀರೆಯನ್ನು ತೆಗೆದುಕೊಂಡಳು. ಊರಿಗೆ ದೋಣಿಯಲ್ಲಿ ಬಿಡುತ್ತೇನೆಂದರೆ, ಇಲ್ಲಿಂದಲೇ ಬಸ್ಸಿದೆ ಎಂದು ಹುಕ್ಕೇರಿಯ ಬಸ್ ಸ್ಟ್ಯಾಂಡಿನಲ್ಲೇ ಉಳಿದುಬಿಟ್ಟಳು.

ಅಲ್ಲಿಂದ ಹನ್ನೆರಡು ಪಂಚಮಿ ಅವಳು ಬರಲಿಲ್ಲ. ಜಗಳವಿಲ್ಲ, ಬೈಗುಳವಿಲ್ಲ. ಫೋನ್ ಮಾಡಿದರೆ, “ಎಮ್ಮಿ ಈಯಾಕ ಬಂದೈತೋ ತಮ್ಮಾ, ಬಿಟ್ಟ ಬರಾಕ ಆಗೂದಿಲ್ಲ” ಅನ್ನುತ್ತಿದ್ದಳು. ಪ್ರತಿ ಪಂಚಮಿಗೆ ಸರಿಯಾಗಿ ಈಯುವ ಅಂಥ ಎಮ್ಮೆ ನಮ್ಮ ಜಿಲ್ಲೆಯಲ್ಲಿಯೇ ಇರಲಿಲ್ಲ. ವಿಜ್ಞಾನದ ಮಾಸ್ತರನಾಗಿ ನಾನು ಅದನ್ನೂ ನಂಬಿದೆ. ಕರೆಯಲು ಹೋಗಬೇಕಿತ್ತು, ಹೋಗಲಿಲ್ಲ. ಊರ ಮನೆ ಬಿದ್ದಿತು, ದೋಣಿಯನ್ನು ಗೋಕಾಕಕ್ಕೆ ತಂದು ಹಿತ್ತಲಲ್ಲಿ ಬೋರಲು ಹಾಕಿದೆ. ಹೊಳೆ ಬಂದ ಆ ವರ್ಷ, ನಾವು ಕಲ್ಯಾಣ ಮಂಟಪವೊಂದರ ನೆಲದ ಮೇಲೆ ಮಲಗಿದ್ದಾಗ ಮಾತ್ರ ಅವಳೇ ಫೋನ್ ಮಾಡಿದಳು. “ಗೋಕಾವಿಗೆ ಹೊಳಿ ಬಂದೈತಂತ. ಇಬ್ಬರೂ ಅರಾಮ ಅದೀರಿಲ್ಲೋ?” ಅದೀವಿ ಎಂದೆ. “ಸಾಕು” ಎಂದು ಇಟ್ಟಳು. ಆ ಒಂದು ‘ಸಾಕು’ ನನ್ನ ನಿದ್ದೆಗೆಡಿಸಿತು. ಆದರೂ ನಿವೃತ್ತಿಯಾಗಿ, ಮಾಡಲು ಬೇರೆ ಕೆಲಸವಿಲ್ಲದೆ, ಈ ಬೇಸಿಗೆ ಬರುವವರೆಗೆ ನಾನು ಏನೂ ಮಾಡಲಿಲ್ಲ. ಇದನ್ನು ಮುಚ್ಚಿಟ್ಟು ಹೇಳಿದರೆ ನೀವು ನನ್ನನ್ನು ಒಳ್ಳೆಯವನೆಂದು ತಿಳಿದೀರಿ.

ಸರಿ, ರಿಪೇರಿ. ಮೊದಲ ವಾರ ಬರೀ ಬಣ್ಣ ಕೆರೆದೆ. ಅಪ್ಪ ಹಚ್ಚಿದ ಹಸಿರು, ಅದರಡಿ ಗುತ್ತಿಗೆದಾರನ ಕೆಂಪು. ಆಮೇಲೆ ತೂತು ಹುಡುಕಬೇಕು. ದೋಣಿಯನ್ನು ನೀರಿಗೆ ಬಿಟ್ಟು ನೋಡುವುದಕ್ಕಿಂತ ನೀರನ್ನೇ ದೋಣಿಗೆ ಬಿಡುವುದು ಸುಲಭ. ನಳದ ಪೈಪು ಹಚ್ಚಿ ಅರ್ಧ ತುಂಬಿಸಿದರೆ ಹದಿನೇಳು ಕಡೆ ತೊಟ್ಟಿಕ್ಕಿತು. ಹೆಂಡತಿ ಸುಣ್ಣದ ಬಟ್ಟು ಇಟ್ಟು ಗುರುತು ಮಾಡಿದಳು. ನಳ ಬರುವುದೇ ಮೂರು ದಿನಕ್ಕೊಮ್ಮೆ, ಅದರಲ್ಲಿ ದೋಣಿಗೆ ಕುಡಿಸುತ್ತೀರೆಂದು ಓಣಿಯವರು ಅಂದರು, ತಪ್ಪಲ್ಲ.

ತೂತುಗಳಿಗೆ ನಾನು ಕಬ್ಬಿಣದ ಬೋಲ್ಟು ಬಿಗಿದೆ. ಹೆಮ್ಮೆಯಿಂದ, ಮಾರ್ಕೆಟ್ಟಿನಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ದೇವೇಂದ್ರ ಕಾಕಾರನ್ನು ಕರೆತಂದು ತೋರಿಸಿದೆ. ಅವರು ಜೈನರು, ಮೂರು ತಲೆಮಾರಿನಿಂದ ಪಾತ್ರೆಯ ವ್ಯಾಪಾರ, ಮನೆಯಲ್ಲಿ ಮರಾಠಿ, ಅಂಗಡಿಯ ಗಲ್ಲೆಯಲ್ಲಿ ಕನ್ನಡ. ದೋಣಿಯನ್ನು ಸುತ್ತಿ ನೋಡಿ ಬಾಯಲ್ಲಿ ‘ಚ್ಚು ಚ್ಚು’ ಎಂದರು.

“ಅರೆ ದೇವಾ! ಮಾಸ್ತರ್ರ, ಜರ್ಮನ್‌ಕ ಕಬ್ಬಣ ಕೂಡ್ಸಿದ್ರಿ? ನೀರು ಹತ್ತಿದ ಕೂಡ್ಲೆ ಜರ್ಮನ್ ತಿಂದಹೋಗತೈತ್ರಿ. ನನ್ನ ಮಗಗ ಇದನ್ನ ಸಾಲ್ಯಾಗ ಕಲಿಸಿದಾವ್ರು ನೀವೇ ಅಲ್ರಿ?”

ನಾನೇ. ಹತ್ತನೆಯ ಇಯತ್ತೆ, ಲೋಹಗಳ ಪಾಠ, ಪ್ರತಿ ವರ್ಷ. ಬೋಲ್ಟು ಬಿಚ್ಚಿ ಎಸೆದೆ. ಕಾಕಾ ಅಲ್ಯುಮಿನಿಯಮ್ಮಿನ ರಿವೀಟು ತರಿಸಿಕೊಟ್ಟರು, ತೇಪೆಗೆ ತಗಡು ಕೊಟ್ಟರು. ರಿವೀಟು ಹೊಡೆಯಲು ಇಬ್ಬರು ಬೇಕು. ಹೊರಗಿನಿಂದ ಒಬ್ಬರು ಸುತ್ತಿಗೆಯಿಂದ ಬಡಿಯುವಾಗ ಒಳಗಿನಿಂದ ಇನ್ನೊಬ್ಬರು ಭಾರದ್ದೇನನ್ನಾದರೂ ಆನಿಸಿ ಹಿಡಿಯಬೇಕು. ಹೀಗಾಗಿ ನನ್ನ ಹೆಂಡತಿ ಒರಳಿನ ಗುಂಡುಕಲ್ಲು ಹಿಡಿದು ದೋಣಿಯೊಳಗೆ ಕೂತಳು, ಜನ್ಮದಲ್ಲಿ ಮೊದಲ ಸಲ. ಆಗ ನಾನು ಯಾಕೆ ಇದೆಲ್ಲ ಎಂದು ಅವಳಿಗೆ ಹೇಳಿದೆ. ಈ ಪಂಚಮಿಗೆ ಅಪ್ಪನ ದೋಣಿಯಲ್ಲೇ ಹೋಗಿ ಅಕ್ಕನನ್ನು ಕರೆಯಬೇಕು ಎಂದೆ.

ಅವಳು ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡಳು. ದೋಣಿಯ ಅಂಚಿನ ಮೇಲೆ ಅವಳ ಮುಖವಷ್ಟೇ ಕಾಣುತ್ತಿತ್ತು.

“ಅಕ್ಕಾರ ನನ್ನ ಮುಂದ ಒಮ್ಮೆ ಅಂದಿದ್ರು. ನಿಮಗ ಹೇಳಬ್ಯಾಡ ಅಂದಿದ್ರು.”

“ಏನಂದಿದ್ಲು?”

“‘ಹೊಲಾ ಹೋತಂತ ನಾ ಬರೂದು ಬಿಟ್ಟಿಲ್ಲವಾ. ಸಹಿ ಕೇಳಿದ್ರ ನನ್ನ ಮನ್ಯಾಗ ಕುಂತ ಮಾಡಿ ಕೊಡ್ತಿದ್ನಿ. ಪಂಚಮಿಗಂತ ಕರದು ಕಚೇರಿಗೆ ಕರಕೊಂಡ ಹೋದ’ ಅಂದ್ರು.”

ನನಗೆ ಸಿಟ್ಟು ಬಂತು, ನನ್ನ ಮೇಲಲ್ಲ, ಇಷ್ಟು ವರ್ಷ ಹೇಳದ ಹೆಂಡತಿಯ ಮೇಲೆ. ಮನುಷ್ಯ ಎಷ್ಟು ಕೆಟ್ಟವನು ನೋಡಿ. ಆ ದಿನ ಎರಡು ರಿವೀಟು ಸೊಟ್ಟ ಹೊಡೆದೆ. ಆಮೇಲೆ, ಇದಕ್ಕೂ ದೋಣಿಯೇ ಉತ್ತರವೆಂದು ನನಗೆ ನಾನೇ ಹೇಳಿಕೊಂಡೆ. ಬರೀ ಹಬ್ಬಕ್ಕೆಂದು, ಬೇರೆ ಯಾವ ಕೆಲಸವೂ ಇಲ್ಲದೆ, ಈ ವಯಸ್ಸಿನಲ್ಲಿ ಹುಟ್ಟು ಹಾಕಿಕೊಂಡು ಹೋದರೆ ಅವಳಿಗೆ ತಿಳಿಯದೆ ಇರುತ್ತದೆಯೇ?

ಕೊನೆಗೆ ಕಾಕಾ ಉಳಿ ಮತ್ತು ಪುಟ್ಟ ಸುತ್ತಿಗೆ ಹಿಡಿದು ಬಂದರು. ಪಾತ್ರೆ ಕೊಂಡರೆ ಅದರ ಮೇಲೆ ಚುಕ್ಕಿಚುಕ್ಕಿಯಾಗಿ ಹೆಸರು ಹಾಕಿಸದೆ ನಮ್ಮಲ್ಲಿ ಯಾರೂ ಮನೆಗೆ ಒಯ್ಯುವುದಿಲ್ಲ. ಇದೂ ಜರ್ಮನ್ನೇ, ಹೆಸರು ಬೇಡವೇ? “ಯಾರ ಹೆಸರು ಹಾಕಲ್ರಿ?” ಎಂದರು. ನಾನು ಉಬ್ಬಿ, “ನೀಲವ್ವ ಅಂತ ಹಾಕ್ರಿ” ಎಂದೆ. ಕಾಕಾ ಠಕಠಕ ಬಡಿಯುವಾಗ ಹೆಂಡತಿ ಚಹಾ ತಂದಿಟ್ಟಳು.

“ಹೊಲಾ ನಿಮ್ಮ ಹೆಸರಿಲೆ, ದೋಣಿ ಅಕ್ಕಾರ ಹೆಸರಿಲೆ. ಛಲೋ ಪಾಲು-ವಾಟಣಿ ಮಾಡಿದ್ರಿ.”

ಕಾಕಾ ತಲೆ ತಗ್ಗಿಸಿ ‘ವ್ವ’ದ ಒತ್ತು ಮುಗಿಸಿದರು. ಹೊಲವನ್ನು ಈಗ ಅಕ್ಕನಿಗೆ ಬರೆದುಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆ ಹೊಲ ಮಾರಿಯೇ ನಾನು ಗೋಕಾಕದ ಈ ಮನೆ ಕಟ್ಟಿಸಿದ್ದು, ದೋಣಿ ರಿಪೇರಿಯಾದ ಅಂಗಳವೂ ಅದರದ್ದೇ.

ಪಂಚಮಿಗೆ ಎಂಟು ದಿನ ಇರುವಾಗ ಅಕ್ಕನಿಗೆ ಫೋನ್ ಮಾಡಿದೆ. “ಕರ್ಯಾಕ ಬರತೇನಿ. ಅಪ್ಪನ ದೋಣಿ ತಗೊಂಡ ಬರತೇನಿ.” ಎಮ್ಮೆಯ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. “ಬಾ” ಎಂದಳು. ಆ ಎಂಟು ದಿನ ನಾನು ಓಣಿಯಲ್ಲಿ ಕಂಡಕಂಡವರನ್ನೆಲ್ಲ ನಿಲ್ಲಿಸಿ ಮಾತಾಡಿಸಿದೆ.

ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಸಣ್ಣ ಟೆಂಪೋದಲ್ಲಿ ದೋಣಿ ಹೇರಿಕೊಂಡು ನಮ್ಮೂರ ದಂಡೆಗೆ ಹೋದೆ. ಡ್ರೈವರನೂ ನಾನೂ ಸೇರಿ ನೀರಿಗೆ ಇಳಿಸಿದೆವು. ಅಕ್ಕನನ್ನು ಗೋಕಾಕಕ್ಕೆ ಕರೆದೊಯ್ಯಲು ಟೆಂಪೋ ಅಲ್ಲೇ ಕಾಯಬೇಕೆಂದು ಅವನಿಗೆ ಹೇಳಿದೆ. ತೇಲುವ ನಿಯಮವನ್ನು ಮೂವತ್ತು ವರ್ಷ ಕಲಿಸಿದವನಿಗೆ ಅದು ತೇಲಿದ್ದು ಕಂಡು ಕಣ್ಣಲ್ಲಿ ನೀರು ಬಂತು. ಹುಟ್ಟು ಹಾಕುವುದು ಮರೆತಿತ್ತು, ಸುಮಾರು ಹೊತ್ತು ನಿಂತಲ್ಲೇ ಗಾಣದೆತ್ತಿನಂತೆ ಸುತ್ತಿದೆ, ದಂಡೆಯಲ್ಲಿ ಡ್ರೈವರ್ ನಗುತ್ತಿದ್ದ. ಆಮೇಲೆ ಕೈಗೆ ಬಂತು. ನಡುನೀರಿನಲ್ಲಿ ಬಗ್ಗಿ ತಳ ಮುಟ್ಟಿ ನೋಡಿದೆ. ಒಣಗಿತ್ತು, ಒಂದು ಹನಿ ನೀರೂ ಒಳಗೆ ಬಂದಿರಲಿಲ್ಲ.

ಅಕ್ಕ ದಂಡೆಯಲ್ಲಿ ಕಾದಿದ್ದಳು. ಕೂದಲು ಪೂರ್ತಿ ಬಿಳಿ. ಹೊಸ ಸೀರೆ ಉಟ್ಟಿರಲಿಲ್ಲ, ದಿನದ್ದೇ ಒಗೆದು ಉಟ್ಟಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ನಾನು ಕೈ ಚಾಚುವಷ್ಟರಲ್ಲಿ ತಾನೇ ಕಾಲಿಟ್ಟು, ಅಲುಗದೆ ಬಂದು, ನಡುವೆ ಸರಿಯಾದ ಜಾಗದಲ್ಲಿ ಕೂತಳು. ಕೈಯಿಂದ ಅಂಚು ಸವರಿದಳು.

“ಛಲೋ ಮಾಡೀದಿ.”

“ಹದಿನೇಳು ತೂತಿದ್ವು ಅಕ್ಕಾ” ಎಂದು ನಾನು ಶುರು ಮಾಡಿದೆ. ಬೋಲ್ಟು, ಕಾಕಾ, ಗುಂಡುಕಲ್ಲು ಎಲ್ಲ ಹೇಳಿದೆ. ಗುಂಡುಕಲ್ಲಿನ ಮಾತಿಗೆ ಅವಳು ನಕ್ಕಳು. ಅಪ್ಪ ದೋಣಿ ತಂದಾಗ ಅವ್ವ ಅಂದದ್ದನ್ನು ಅವಳೇ ನೆನಪು ಮಾಡಿದಳು. ನನಗೆ ಎಲ್ಲ ಮುಗಿಯಿತೆಂದು ಅನ್ನಿಸಿತು, ಹನ್ನೆರಡು ವರ್ಷ ಕರಗಿತೆಂದು. ಹುಟ್ಟನ್ನು ಇನ್ನಷ್ಟು ಜೋರಾಗಿ ಹಾಕಿದೆ.

ಆಮೇಲೆ ಅವಳು ಚೀಲದೊಳಗೆ ಕೈ ಹಾಕಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಏನನ್ನೋ ತೆಗೆದು ಬಿಡಿಸಿದಳು. ಆಧಾರ್ ಕಾರ್ಡು. ಅದರ ಹಿಂದೆ ಪಿನ್ನು ಹೊಡೆದ ಎರಡು ಸಣ್ಣ ಫೋಟೋ.

“ಇದನ್ನ ನಿನ್ನ ಕಡೆ ಇಟಗೊ. ನಾ ಮರತ ಬಿಡ್ತೇನಿ. ಈ ಸಲ ಹುಕ್ಕೇರ್ಯಾಗೋ, ಗೋಕಾವ್ಯಾಗೋ?”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು, ಅವಳು ಹೊರಟದ್ದು ಕಚೇರಿಗೆ. “ಇಲ್ಲಕ್ಕಾ, ಯಾವ ಕಾಗದಾನೂ ಇಲ್ಲ. ದೇವರಾಣಿ. ಬರೇ ಪಂಚಮಿಗೆ ಕರ್ಯಾಕ ಬಂದೇನಿ.”

“ಆ ಸಲಾನೂ ಪಂಚಮಿಗೇ ಕರ್ಯಾಕ ಬಂದಿದ್ದಿ, ತಮ್ಮಾ.” ಸಿಟ್ಟಿನಿಂದ ಅನ್ನಲಿಲ್ಲ. ಎಮ್ಮೆಯ ವಿಷಯ ಹೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ ಅಂದಳು. “ಈಗ ಸಹಿ ಮಾಡಾಕ ಕೈ ನಡಗತೈತಿ. ಹೆಬ್ಬಟ್ಟ ನಡಿತೈತಂತಲ್ಲ?”

ನನ್ನ ಎರಡೂ ಕೈಯಲ್ಲಿ ಹುಟ್ಟುಗಳಿದ್ದವು, ಬಿಟ್ಟರೆ ದೋಣಿ ತಿರುಗಿಬಿಡುತ್ತಿತ್ತು. ಅವಳು ಮುಂದೆ ಬಾಗಿ, ಆ ಕಾರ್ಡನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನನ್ನ ಅಂಗಿಯ ಕಿಸೆಯಲ್ಲಿ ತಾನೇ ಇಟ್ಟು, ನೀರು ಸಿಡಿದು ಒದ್ದೆಯಾಗದಂತೆ ಗುಂಡಿ ಹಾಕಿದಳು.